ಹುಸ್ನಾ ಇಟ್ಟುಕೊಂಡ ನಕಲು

"ಅದನ್ನ ಚಾಲೂ ಮಾಡಬ್ಯಾಡ್ರಿ."

ಹುಸ್ನಾ ಹೇಳಿ ಮುಗಿಸುವಷ್ಟರಲ್ಲಿ ಎದುರಿಗಿದ್ದವನ ಬೆರಳು ಲ್ಯಾಪ್‌ಟಾಪಿನ ಗುಂಡಿ ಒತ್ತಿಯಾಗಿತ್ತು. ಒಳಗಿನಿಂದ ಕಟ್... ಕಟ್... ಎಂಬ ಸದ್ದು. ಅವಳು ಅದನ್ನು ಅವನ ಕೈಯಿಂದ ಎಳೆದುಕೊಂಡು, ಮಗುಚಿ, ಬ್ಯಾಟರಿಯನ್ನೇ ಕಿತ್ತಿಟ್ಟಳು.

ಅವನ ಮುಖ ಕೆಂಪಾಯಿತು. "ಅದು ನನ್ನ ಮಷೀನು. ಒಂದ್ ಮಾತು ಕೇಳೂದಿಲ್ಲೇನ್ರಿ?"

"ಕೇಳಕೋತ ನಿಂತಿದ್ರ ಒಳಗಿಂದು ಏನೂ ಉಳೀತಿರ್ಲಿಲ್ರಿ."

ಇಬ್ಬರೂ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡಿದರು. ಮೊದಲು ಕಣ್ಣು ತಗ್ಗಿಸಿದವನು ಅವನೇ.

ಅದು 2008ರ ಬೇಸಿಗೆ. ಹುಬ್ಬಳ್ಳಿಯಲ್ಲಿ ಕಲಿತು ಬಂದ ಹುಸ್ನಾ, ರೋಣದ ಬಸ್‌ಸ್ಟ್ಯಾಂಡಿನ ಹಿಂದೆ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ವರ್ಷ ತುಂಬಿತ್ತಷ್ಟೇ. ಬಂದವನು ಗಜೇಂದ್ರಗಡದ ಆಫ್ತಾಬ, ಮಗ್ಗಗಳಿಗೆ ಸೀರೆಯ ಅಂಚು ಬರೆದುಕೊಡುವವನು. ನೇಕಾರರ ಮನೆಮನೆಗೆ ಹೋಗಿ, ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಸೀರೆಗಳನ್ನು ಬಿಡಿಸಿ ನೋಡಿ, ಒಂದೊಂದೇ ಎಳೆ ಎಣಿಸಿ ಅಂಚುಗಳನ್ನೆಲ್ಲ ಕಂಪ್ಯೂಟರಿಗೆ ಇಳಿಸಿದ್ದ. ಅಂಥ ದೊಡ್ಡ ಚಿತ್ರಗಳಿಗೆ ಸಾಧಾರಣ ಲ್ಯಾಪ್‌ಟಾಪ್ ಸಾಲದು. ಇಂಜಿನಿಯರುಗಳು ಬಳಸುವ ಈ ಭಾರದ ವರ್ಕ್‌ಸ್ಟೇಷನ್ ಅವನು ಹುಬ್ಬಳ್ಳಿಯಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಮಾಲು.

ಸೋಮವಾರ ಬೆಳಗಾವಿಯ ವ್ಯಾಪಾರಿಗಳು ಬಂದು ಚಿತ್ರ ನೋಡುವವರಿದ್ದರು. ಅವರು ಒಪ್ಪಿದರೆ ನಿಂತುಹೋದ ಮಗ್ಗಗಳು ಮತ್ತೆ ಆಡುತ್ತವೆ. ಬೇರೆ ಕಡೆ ನಕಲು ಇಟ್ಟಿದ್ದೀರಾ ಎಂದು ಅವಳು ಕೇಳಿದಾಗ ಅವನು ಇಲ್ಲವೆಂದು ತಲೆಯಾಡಿಸಿದ.

ಹುಸ್ನಾ ತಳದ ಮುಚ್ಚಳ ಬಿಚ್ಚಿದಳು. ಫ್ಯಾನಿನ ತುಂಬ ಮಗ್ಗದ ಅರಳೆ ಮೆತ್ತಿಕೊಂಡು ಕಂಬಳಿಯ ತುಂಡಿನಂತಾಗಿತ್ತು. ಗಾಳಿಯಿಲ್ಲದೆ ಹಾರ್ಡ್‌ಡಿಸ್ಕ್ ಬೆಂದಿತ್ತು. ಅದು ತುಂಬಿ ತುಳುಕುತ್ತಲೂ ಇತ್ತು. ಹಳೆಯದರಲ್ಲಿದ್ದುದನ್ನು ಮೊದಲು ಹೊರಗೆ ತೆಗೆದು, ಅದರ ಜಾಗಕ್ಕೆ ಇನ್ನೂ ದೊಡ್ಡದನ್ನು ಹಾಕಬೇಕು ಎಂದು ಅವಳು ವಿವರಿಸಿದಳು. ಬದುಕುತ್ತದೆಯೇ ಎಂದು ಅವನು ಕೇಳಿದ. ಅವಳು ಸುಳ್ಳು ಭರವಸೆ ಕೊಡಲಿಲ್ಲ.

ಮರುದಿನ ಹುಬ್ಬಳ್ಳಿಯಿಂದ ಹೊಸ ಡಿಸ್ಕ್ ಬಂತು. ಕೂರಿಸಿ ಚಾಲೂ ಮಾಡಿದರೆ ಡಿಸ್ಕೇ ಇಲ್ಲವೆಂದು ತೆರೆ ಹೇಳಿತು! ಬಿಚ್ಚಿ ಮತ್ತೆ ಕೂರಿಸಿದರೂ ಅದೇ ಮಾತು. ತಪ್ಪು ಮಾಲು ತರಿಸಿದೆನೇ?

ಆಫ್ತಾಬ ಹಳೆಯ ಡಿಸ್ಕಿನತ್ತ ಬಗ್ಗಿದ. ಅದರ ತುದಿಗೆ ಕಚ್ಚಿಕೊಂಡಿದ್ದ ಸಣ್ಣ ಪಟ್ಟಿಯೊಂದನ್ನು ತೋರಿಸಿ, ಇದು ಇದರದೋ ಲ್ಯಾಪ್‌ಟಾಪಿನದೋ ಎಂದು ಕೇಳಿದ. ಡಿಸ್ಕಿಗೂ ಲ್ಯಾಪ್‌ಟಾಪಿಗೂ ನಡುವೆ ಇರಬೇಕಾದ ಜೋಡಣೆ ಅದು, ಹಳೆಯದರ ಜೊತೆಗೇ ಹೊರಗೆ ಬಂದಿತ್ತು. ಅವಳ ಕೈಯೂ ಅದರತ್ತ ಚಾಚಿತು. ಬೆರಳಿಗೆ ಬೆರಳು ತಾಗಿತು...

ಹೊಸ ಡಿಸ್ಕ್ ಕಾಣಿಸಿಕೊಂಡಾಗ ಅವನು ಮೊದಲ ಸಲ ನಕ್ಕ. ಇವನಿಗೆ ನಗಲಿಕ್ಕೂ ಬರುತ್ತದೆಯೇ ಎಂದುಕೊಂಡಳು ಹುಸ್ನಾ. ಆ ನಗೆ ಇನ್ನಷ್ಟು ಹೊತ್ತು ಇರಲಿ ಎನಿಸಿದ್ದಕ್ಕೆ ತನ್ನ ಮೇಲೆ ತಾನೇ ಸಿಟ್ಟಾದಳು.

ಹಳೆಯ ಡಿಸ್ಕ್ ಮಾತ್ರ ಸತಾಯಿಸಿತು. ತುಸು ಹೊತ್ತು ಓದಿಸಿಕೊಂಡು ಬಿಸಿಯಾಗಿ ನಿಲ್ಲುತ್ತಿತ್ತು. ಮುಂದೆ ಟೇಬಲ್ ಫ್ಯಾನ್ ಇಟ್ಟು, ತಣ್ಣಗಾಗಲು ಕಾದು, ಚೂರುಚೂರಾಗಿ ಅದರಲ್ಲಿದ್ದುದನ್ನು ತನ್ನ ಅಂಗಡಿಯ ಕಂಪ್ಯೂಟರಿಗೆ ತೆಗೆದಿಟ್ಟಳು. ಮೊದಲ ನಕಲು ಗಟ್ಟಿ ಜಾಗದಲ್ಲಿರಬೇಕು, ಆಮೇಲೆ ಅದರಿಂದ ಹೊಸದಕ್ಕೆ. ಅವಳು ಕಲಿತ ಪದ್ಧತಿ ಅದು. ಕೆಲಸದ ಗಡಿಬಿಡಿಯಲ್ಲಿ, ನಕಲು ತನ್ನ ಕಂಪ್ಯೂಟರಿನಲ್ಲಿದೆ ಎಂದು ಅವನಿಗೆ ಹೇಳುವುದು ಉಳಿದುಹೋಯಿತು. ದಿನಾ ಬಸ್ಸಿಳಿದು ಬರುತ್ತಿದ್ದ ಅವನು ಚಹಾ ಕುಡಿಯುತ್ತ ಅಂಚುಗಳ ಕಥೆ ಹೇಳುತ್ತಿದ್ದ. ಯಾರಿಗೂ ತೋರಿಸದ ಅಂಚನ್ನು ನೇಕಾರ್ತಿ ಸಿದ್ದವ್ವ ತನ್ನೊಬ್ಬನಿಗೇ ತೋರಿಸಿದ್ದಳೆಂದು ಹೇಳುವಾಗ ಅವನ ದನಿ ಮೆತ್ತಗಾಗಿತ್ತು.

ಶನಿವಾರ ನಕಲು ಪೂರ್ತಿಯಾಯಿತು. ಹೊಸ ಡಿಸ್ಕಿಗೆ ಹಾಕುವುದೊಂದೇ ಬಾಕಿ. ಆಗಲೇ ನರಗುಂದದ ಸೀರೆ ವ್ಯಾಪಾರಿ ಮಲಿಕಸಾಬರು ಬಂದು, ಮಗಳ ಮದುವೆಯ ಫೋಟೋ ಹಾಕಿಸಿಕೊಂಡ ಸಿ.ಡಿ. ಹಿಡಿದು ಹೊರಬಿದ್ದರು. ಬಾಗಿಲಲ್ಲೇ ಆಫ್ತಾಬ ಎದುರಾದ.

ಆ ಅಂಚುಗಳನ್ನು ತನಗೆ ಕೊಡೆಂದು ಮಲಿಕಸಾಬರು ಅವನಿಗೆ ತಿಂಗಳುಗಟ್ಟಲೆ ಗಂಟುಬಿದ್ದಿದ್ದರು. ಇದು ಹುಸ್ನಾಗೆ ಗೊತ್ತಿರಲಿಲ್ಲ.

"ನನ್ನ ಚಿತ್ರ ಅವ್ರಿಗೆ ಕೊಟ್ಟೀರೇನು?" ಅವನ ತುಟಿ ಬಿಳಿಚಿಕೊಂಡಿತ್ತು. "ಖರೇ ಹೇಳ್ರಿ. ನಿಮ್ಮ ಕಂಪ್ಯೂಟರಿನ್ಯಾಗ ನನ್ನ ನಕಲು ಐತೇನು?"

ಹೌದು ಅಂದರೆ ನಾನು ಕಳ್ಳಿಯೇ... ಹುಸ್ನಾ ಅಂಜಿದಳು.

"ಇಲ್ರಿ."

ಮಾತು ಬಾಯಿಂದ ಬಿದ್ದಾಗಿತ್ತು. ಅವನು ಲ್ಯಾಪ್‌ಟಾಪು, ಎರಡೂ ಡಿಸ್ಕು ಎಲ್ಲವನ್ನೂ ಚೀಲಕ್ಕೆ ತುಂಬಿಕೊಂಡು ತಿರುಗಿ ನೋಡದೆ ಹೋದ.

ಭಾನುವಾರ ಬೆಳಿಗ್ಗೆ ಅಂಗಡಿಯ ಫೋನು ಹೊಡೆದುಕೊಂಡಿತು. ಆ ಕಡೆಯಿಂದ ಸಿದ್ದವ್ವ. ಹುಡುಗ ಮನೆಗೆ ಒಯ್ದು ತಾನೇ ಜೋಡಿಸಲು ಹೋಗಿ ಹಳೆಯ ಡಿಸ್ಕ್ ಪೂರಾ ನಿಂತಿದೆ, ಅವನು ಕೂಳು ನೀರು ಮುಟ್ಟಿಲ್ಲ, ಏನಾದರೂ ದಾರಿ ಉಂಟೇ ಎಂದು ಕೇಳಿದಳು.

ದಾರಿ ಹುಸ್ನಾಳ ಮೇಜಿನ ಕೆಳಗೇ ಇತ್ತು. ಕೊಟ್ಟರೆ ಸುಳ್ಳು ಬಯಲಾಗುತ್ತದೆ, ಅವನ ಅನುಮಾನ ಖರೇ ಆಗುತ್ತದೆ. ಕೊಡದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮಗ್ಗಗಳು ಹಾಗೇ ನಿಂತಿರುತ್ತವೆ, ಅಷ್ಟೇ... ಅವಳು ನಕಲನ್ನು ಪೋರ್ಟೆಬಲ್ ಡಿಸ್ಕಿಗೆ ಹಾಕಿಕೊಂಡು ಗಜೇಂದ್ರಗಡದ ಬಸ್ಸು ಹತ್ತಿದಳು. ರಾಜೂರ ದಾಟುವಾಗ ಇಳಿದುಬಿಡಲೇ ಎನಿಸಿತು. ಇಳಿಯಲಿಲ್ಲ.

ಮಗ್ಗದ ಕೋಣೆಯಲ್ಲಿ ಆಫ್ತಾಬ ಗೋಡೆಗೆ ಒರಗಿ ಕೂತಿದ್ದ, ಪಕ್ಕದಲ್ಲಿ ಸಿದ್ದವ್ವ. ಹುಸ್ನಾ ಡಿಸ್ಕನ್ನು ಅವನ ಮುಂದಿಟ್ಟಳು.

"ನಕಲು ನನ್ನ ಹತ್ರ ಇತ್ರಿ. ಅಂಜಿ ಸುಳ್ಳು ಹೇಳೇನಿ. ಮಾರಲಿಕ್ಕೆ ಇಟ್ಕೊಂಡಿದ್ದಿಲ್ಲ. ನಂಬೂದು ಬಿಡೂದು ನಿಮಗ ಬಿಟ್ಟದ್ದು."

ಅವನು ಡಿಸ್ಕನ್ನು ಕೈಗೆತ್ತಿಕೊಂಡ. ಆಮೇಲೆ, ರಾತ್ರಿಯೇ ಮಲಿಕಸಾಬರಿಗೆ ಫೋನು ಹಚ್ಚಿ ಜಗಳಕ್ಕೆ ನಿಂತದ್ದನ್ನೂ, ಸಿ.ಡಿ.ಯಲ್ಲಿದ್ದುದು ಮದುವೆಯ ಫೋಟೋ ಎಂದು ತಿಳಿದದ್ದನ್ನೂ ತಡೆತಡೆದು ಹೇಳಿದ.

"ತಪ್ಪಾತು ಅನ್ನಾಕ ನಾನು ಬರಬೇಕಿತ್ರಿ. ನಿಮ್ಮ ಮುಂದ ನಿಲ್ಲಾಕ ಮಾರಿ ಇರ್ಲಿಲ್ಲ."

ಅವಳು ಕಣ್ಣೊರೆಸಿಕೊಂಡು ಕೆಲಸಕ್ಕೆ ಕೂತಳು. ಸಂಜೆಯ ಹೊತ್ತಿಗೆ ಹೊಸ ಡಿಸ್ಕಿನಲ್ಲಿ ಅಂಚುಗಳು ಒಂದೊಂದಾಗಿ ತೆರೆದುಕೊಂಡವು. ಸಿದ್ದವ್ವನ ಅಂಚಿನ ಅರ್ಧ ಮಾತ್ರ ಹಳೆಯ ಡಿಸ್ಕಿನಲ್ಲೇ ಕೆಟ್ಟುಹೋಗಿತ್ತು. ಸಿದ್ದವ್ವ ಪಕ್ಕಕ್ಕೆ ಬಂದು ಕೂತು ಎಳೆಗಳನ್ನು ನೆನಪಿನಿಂದ ಹೇಳುತ್ತ ಹೋದಳು. ಆಫ್ತಾಬ ಬರೆದ, ಹುಸ್ನಾ ಪ್ರತಿ ಸಾಲನ್ನೂ ಡಿಸ್ಕಿನಲ್ಲಿ ಉಳಿಸಿದಳು.

ಸೋಮವಾರ ಬಂದ ವ್ಯಾಪಾರಿಗಳು ಹತ್ತು ಅಂಚು ಆರಿಸಿದರು.

ಅದೇ ವಾರ ಆಫ್ತಾಬ ರೋಣದ ಅಂಗಡಿಗೆ ಬಂದ, ಬರಿಗೈಯಲ್ಲಿ. ಮಷೀನಿಗೆ ಏನಾಯಿತೆಂದು ಅವಳು ಗಾಬರಿಯಿಂದ ಎದ್ದಳು.

"ಮಷೀನು ಚಲೋ ಐತ್ರಿ. ನಾನಽ ಬಂದೇನಿ." ಅವನು ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. "ನೀವಿಲ್ಲದ ಮಗ್ಗದ ಕೋಣಿ ಖಾಲಿ ಅನಸ್ತೈತಿ. ನಮ್ಮ ಅಮ್ಮಿ ನಾಳೆ ನಿಮ್ಮ ಮನಿಗೆ ಲಗ್ನದ ಮಾತಾಡಾಕ ಬರ್ತೀನಿ ಅಂತಾಳ. ಬ್ಯಾಡ ಅಂದ್ರ ಈಗ ಹೇಳಿಬಿಡ್ರಿ."

ಹುಸ್ನಾ ತಲೆಯೆತ್ತಿದಳು. "ಮತ್ತ ಸಂಶೇ ಬಂದ್ರ?"

"ಮೊದಲ ನಿಮ್ಮನ್ನ ಕೇಳ್ತೀನಿ. ಪೂರಾ ಕೇಳ್ತೀನಿ."

"ನಾನೂ ಅಂಜೂದಿಲ್ರಿ, ಇದ್ದದ್ದು ಇದ್ದಂಗ ಹೇಳ್ತೀನಿ..."

ಅವನು ಕಾದು ನಿಂತ. ಅವಳು ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

"ನಿಮ್ಮ ಅಮ್ಮಿ ಸಂಜಿ ಮುಂದ ಬರ್ಲಿ. ಆಗ ನಮ್ಮ ಅಬ್ಬಾ ಮನ್ಯಾಗ ಇರ್ತಾರ."