ಅರಿಶಿನ ಹಚ್ಚಿದ ಕವರು

“ಇದ್ರಲ್ಲಿ ಏನ್ ಬರ್ದದೆ ಓದಿ ಯೋಳಿ! ಸುಳ್ಳು ಮಾತ್ರ ಯೋಳ್ಬೇಡಿ!”

ನಾಗಮಣಿ ನಾಲ್ಕು ಹಾಳೆಗಳನ್ನು ಮೇಜಿನ ಮೇಲೆ ಬಡಿದಳು.

ಮಳವಳ್ಳಿ ಬಸ್ ಸ್ಟ್ಯಾಂಡಿನ ಎದುರು ಲಗ್ನಪತ್ರಿಕೆ ಅಚ್ಚು ಹಾಕುವ ಜಯಪ್ರಕಾಶ್ ಬೆಚ್ಚಿ ತಲೆಯೆತ್ತಿದ. ಅವಳ ಕಣ್ಣು ಕೆಂಪಾಗಿತ್ತು, ಮೂಗು ಅದಕ್ಕಿಂತ ಕೆಂಪಾಗಿತ್ತು. ಇಷ್ಟು ಸಿಟ್ಟಿನಲ್ಲೂ ಒಬ್ಬಳು ಇಷ್ಟು ಚೆನ್ನಾಗಿ ಕಾಣುತ್ತಾಳಾ ಎಂದುಕೊಂಡವನು ಗಾಬರಿಯಿಂದ ಹಾಳೆಗೆ ಕಣ್ಣು ಹಾಕಿದ. ಎಲ್ಲಾ ಇಂಗ್ಲಿಷು.

“ಸೈನ್ ಆಕೋವಾಗ ಓದ್ಲಿಲ್ವಾ?”

“ಇಂಗ್ಲೀಸ್ ಓದಕ್ಕೆ ಬಂದಿದ್ರೆ ನಿಮ್ಮತ್ರ ಯಾಕ್ ಬತ್ತಿದ್ದೆ?”

ಅವಳ ಅಜ್ಜಿ ಸೋಮಮ್ಮ ಸೋಬಾನೆ ಪದದಲ್ಲಿ ಎತ್ತಿದ ಕೈ. ಮದುವೆ ಮನೆಯಲ್ಲಿ ಅಜ್ಜಿ ಪದ ಎತ್ತಿದರೆ ಉಳಿದವರು ಸೊಲ್ಲು ಹಿಡಿದು ಹಿಂದೆ ಹಾಡಬೇಕು. ಅಜ್ಜಿ ಹೋದ ಮೇಲೆ ಆ ಪದಗಳೆಲ್ಲ ಮೊಮ್ಮಗಳ ಪಾಲಿಗೆ ಬಂದವು. ಯಾವುದೋ ಹಾಡಿನ ಚಾನಲ್‌ನವರು ಬಂದು, ಈ ನಾಲ್ಕು ಹಾಳೆಯ ಕರಾರಿಗೆ ಸೈನ್ ಹಾಕಿಸಿಕೊಂಡು, ಹನ್ನೊಂದು ಪದ ರೆಕಾರ್ಡ್ ಮಾಡಿಕೊಂಡು ಹೋದರು. ಲಕ್ಷಾಂತರ ಜನ ಕೇಳಿದರು!

ಆದರೆ ಪ್ರತಿ ಹಾಡಿನ ಕೆಳಗೂ ಚಾನಲ್‌ನವರದೇ ಫೋನ್ ನಂಬರು. ಜನ ನಾಗಮಣಿಯ ದನಿಗೆ ಮರುಳಾಗಿ ಫೋನ್ ಮಾಡಿದರೆ, ಅವರು ಮದುವೆಗೆ ಬೇರೆ ಯಾರನ್ನೋ ಕಳಿಸುತ್ತಿದ್ದರು. ತಾನೇ ಒಂದು ಪೇಜು ತೆರೆದು ಅದೇ ಹಾಡುಗಳನ್ನು ಹಾಕಿದಳು, ಅವರು ದೂರು ಕೊಟ್ಟು ಅದನ್ನೂ ಮುಚ್ಚಿಸಿದರು.

‘ನನ್ನ ದನಿ ಊರೆಲ್ಲ ತಿರುಗ್ತಿದೆ, ನಾನು ಮಾತ್ರ ಮನೆಯಲ್ಲಿ ಕೂತಿದೀನಿ... ಇದೆಂಥ ಜೈಲು ದೇವರೇ!’

ಸಾಲದ್ದಕ್ಕೆ ಅವ್ವ ಇಂದ್ರಮ್ಮ ಗಡುವು ಬೇರೆ ಕೊಟ್ಟಿದ್ದಳು. “ಸಿವರಾತ್ರಿ ಒಳಗೆ ಒಂದ್ ಮನೆಯೋರಾದ್ರೂ ಪದಕ್ಕೆ ಕರುದ್ರೆ ಆಡ್ಕಂಡಿರು. ಇಲ್ದಿದ್ರೆ ಮದ್ದೂರ್ ಸಂಬಂದಕ್ಕೆ ಊಂ ಅನ್ನು.” ಮದ್ದೂರಿನವರದು ಒಂದೇ ಷರತ್ತು, ಸೊಸೆ ಹಾಡೋದಕ್ಕೆ ಹೊರಗೆ ಹೋಗುವಂತಿಲ್ಲ.

ಜಯಪ್ರಕಾಶ್ ಹಾಳೆಗಳನ್ನು ಎರಡು ಸಲ ಓದಿದ.

“ಆ ಅನ್ನೊಂದು ರೆಕಾರ್ಡಿಂಗ್ ಅವರ್ದು, ಅದ್ನ ಮುಟ್ಟಂಗಿಲ್ಲ. ಆದ್ರೆ ನಿಮ್ಮಜ್ಜಿ ಪದ ಅವರ್ದಲ್ಲ. ನಿಮ್ಮೆಸರೂ ಅವರ್ದಲ್ಲ.”

ಅವಳು ಹಾಳೆಗಳತ್ತ ಬಗ್ಗಿದಳು. “ನಿಜ್ವಾಗ್ಲೂ?”

“ಬೇರೆಯೋರ ಜಗಲಿ ಮೇಲೆ ಕೂತು ಆಡುದ್ರೆ, ಅವ್ರು ಏಳು ಅಂದಾಗ ಏಳ್ಬೇಕು ಕಣ್ರಿ. ನಿಮ್ದೇ ಒಂದ್ ಜಗಲಿ ಬೇಕು. ನಿಮ್ಮೆಸರಲ್ಲೇ ವೆಬ್‌ಸೈಟು. ಅದ್ರಲ್ಲಿ ನಿಮ್ ಪದ, ನಿಮ್ ನಂಬರು. ಯಾರೂ ಮುಚ್ಸಂಗಿಲ್ಲ.”

ಮೂರು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ರೆಕಾರ್ಡಿಂಗ್ ನಡೆಯಿತು. ಬಸ್ಸಿನ ಹಾರನ್ ನಿಂತಾಗ ಅವಳು ಅಜ್ಜಿಯ ಬೇರೆ ಪದಗಳನ್ನು ಹಾಡಿದಳು. ಅವಳು ತಂದಿದ್ದ ಅಜ್ಜಿಯ ಫೋಟೋವನ್ನೂ ಅವನು ಸ್ಕ್ಯಾನ್ ಮಾಡಿಕೊಂಡ. ಮೂರನೆಯ ದಿನ ಒಂದು ಪದಕ್ಕೆ ಸೊಲ್ಲು ಹಿಡಿಯುವವರು ಬೇಕಾಗಿತ್ತು. ಅವನೇ ಹಿಡಿದ. ಎಂಥ ದನಿ ಅಂತೀರಿ, ಅಂಗಡಿಯ ಹಳೇ ಪ್ರಿಂಟರೇ ವಾಸಿ!

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ವರ್ಷದಲ್ಲಿ ಅವಳು ಹಾಗೆ ನಕ್ಕಿದ್ದು ಅದೇ ಮೊದಲು. ಅವನ ಮೇಲೆ ಮನಸ್ಸಾಗಿದೆ ಎಂದು ತಿಳಿದಿದ್ದೂ ಆಗಲೇ.

“ಒಂದ್ ವಾರ ಟೈಮ್ ಕೊಡಿ,” ಎಂದಿದ್ದ.

ವಾರ ಕಳೆದ ಮೇಲೆ ಅವಳು ಹೊಲದಿಂದ ಬಂದಾಗ ಅವ್ವ ಒಂದು ಕವರು ಚಾಚಿದಳು.

“ಆ ಅಂಗಡಿಯೋರು ಬಂದಿದ್ರು ಕಣಮ್ಮ. ಮದ್ವೆ ಗೊತ್ತಾದಂಗದೆ. ನಿನ್ ಕೈಗೇ ಕೊಡಿ ಅಂದ್ರು.”

ಲಗ್ನಪತ್ರಿಕೆಯ ಕವರು. ನಾಲ್ಕೂ ಮೂಲೆಗೆ ಅರಿಶಿನ.

ನಾಗಮಣಿ ಕವರು ಹಿಡಿದುಕೊಂಡು ಹೊಸ್ತಿಲ ಮೇಲೇ ಕೂತಳು. ‘ಮೂರು ದಿನ ನನ್ನೆದುರು ಕೂತಿದ್ದ. ಒಂದು ಮಾತು ಹೇಳಬಾರದಿತ್ತಾ? ಆ ಹೆಣ್ಣಿನ ಹೆಸರು ಓದೋ ಶಕ್ತಿ ನನಗಿಲ್ಲ...’

ಕವರು ಒಡೆಯದೆ ಅಜ್ಜಿಯ ಫೋಟೋ ಹಿಂದೆ ಸಿಕ್ಕಿಸಿದಳು. ಅವನು ಒಂದು ಸಲ ಫೋನ್ ಮಾಡಿದ, ಅವಳು ಎತ್ತಲಿಲ್ಲ. ಅವನು ಮತ್ತೆ ಮಾಡಲಿಲ್ಲ. ಮಳವಳ್ಳಿಗೆ ಹೋಗುವ ಕೆಲಸವಿದ್ದರೂ ಅವಳು ಆ ಕಡೆ ತಲೆ ಹಾಕಲಿಲ್ಲ.

ಇಪ್ಪತ್ತು ದಿನ ಹೀಗೇ ಕಳೆಯಿತು. ಒಬ್ಬರೂ ಹಾಡೋದಕ್ಕೆ ಕರೆಯಲಿಲ್ಲ. ನಾಳೆಯೇ ಶಿವರಾತ್ರಿ, ಅದರ ಮಾರನೇ ದಿನ ಮದ್ದೂರಿನವರು ಬರುತ್ತಾರೆ. ಅವ್ವ ಸೀರೆ ತೆಗೆದಿಟ್ಟಿದ್ದಳು. ಅದನ್ನು ನೋಡಿದಾಗಲೆಲ್ಲ ಅವಳು ಮುಖ ತಿರುಗಿಸುತ್ತಿದ್ದಳು. ಇನ್ನು ಜೀವಮಾನವೆಲ್ಲ ಬಾಯಿ ಮುಚ್ಚಿಕೊಂಡೇ ಇರಬೇಕು...

ಆಗ ಫೋನ್ ಬಡಿದುಕೊಂಡಿತು.

“ನಾಗಮಣಿಯೋರಾ? ನಾವು ಕೊಕ್ಕರೆ ಬೆಳ್ಳೂರೋರು ಕಣವ್ವ. ಬರೋ ತಿಂಗ್ಳು ಮಗಳ ಮದ್ವೆ. ಸೋಬಾನೆಗೆ ನೀವೇ ಬರ್ಬೇಕು! ಚಾನಲ್‌ನೋರು ಬೇರೆ ಯಾರ್ನೋ ಕಳುಸ್ತೀವಿ ಅಂದ್ರು, ಬ್ಯಾಡ ಅಂದ್ಬುಟ್ಟೊ.”

“ನನ್ ನಂಬರು... ಎಲ್ಲಿ ಸಿಕ್ತು?”

“ನಿಮ್ ವೆಬ್‌ಸೈಟಲ್ಲೇ ಅದಲ್ಲವ್ವ! ನಿಮ್ಮಜ್ಜಿ ಫೋಟೋನೂ ಆಕಿದ್ದೀರಿ. ಒಂದ್ ಪದದಲ್ಲಿ ಯಾರೋ ಗಂಡಸು ಸೊಲ್ಲು ಇಡ್ದವ್ರೆ... ಅವ್ರು ಮಾತ್ರ ಬ್ಯಾಡ.”

‘ವೆಬ್‌ಸೈಟು ಆಗಲೇ ಆಗಿದೆಯಾ? ಹಾಗಾದರೆ ಆ ಕವರು...’ ಬರುತ್ತೇನೆಂದು ಮಾತು ಮುಗಿಸಿ ಅವಳು ಅಜ್ಜಿಯ ಫೋಟೋ ಹತ್ತಿರ ಓಡಿದಳು. ಕವರು ಹರಿದಳು. ಒಳಗೆ ಲಗ್ನಪತ್ರಿಕೆ ಇರಲಿಲ್ಲ, ಒಂದು ಹಾಳೆ ಇತ್ತು.

“ನಾಗಮಣಿಯವರೇ, ಜಗಲಿ ಸಿದ್ಧವಾಗಿದೆ. ನಿಮ್ಮ ಹೆಸರಿನಲ್ಲೇ ನೋಂದಣಿಯಾಗಿದೆ. ಪಾಸ್‌ವರ್ಡ್ ಕೆಳಗಿದೆ, ಮೊದಲು ಅದನ್ನು ಬದಲಾಯಿಸಿ. ಆಮೇಲೆ ನನಗೂ ಒಳಗೆ ಬರಲಾಗುವುದಿಲ್ಲ. ಶುಭಕಾರ್ಯವೆಂದು ಅರಿಶಿನ ಹಚ್ಚಿದ್ದೇನೆ. ಇನ್ನೊಂದು ಮಾತು... ನಿಮ್ಮ ಪದಕ್ಕೆ ಜೀವನಪೂರ್ತಿ ಸೊಲ್ಲು ಹಿಡಿಯುವ ಆಸೆ ನನಗೆ. ಇಷ್ಟವಿಲ್ಲದಿದ್ದರೆ ಉತ್ತರ ಬೇಡ. ಅರ್ಥ ಮಾಡಿಕೊಳ್ಳುತ್ತೇನೆ.”

ಇಪ್ಪತ್ತು ದಿನ! ಇಪ್ಪತ್ತು ದಿನ ಅವನು ಏನೆಂದುಕೊಂಡಿರಬೇಕು!

ಅವಳು ಅಳುತ್ತಲೇ ಅವ್ವನ ಮುಂದೆ ನಿಂತಳು. ಇಂದ್ರಮ್ಮ ಹಾಳೆಯನ್ನೂ ನೋಡಿದಳು, ಮಗಳ ಮುಖವನ್ನೂ ನೋಡಿದಳು.

“ಒಂದ್ ಮನೆ ಕರುದ್ರೆ ಸಾಕು ಅಂದಿದ್ದೆ. ಕರುದ್ರಲ್ಲ, ಮುಗೀತು. ಮದ್ದೂರೋರಿಗೆ ನಾನ್ ಯೋಳ್ತೀನಿ ಬುಡು. ನೀನು ಬಸ್ಸಿಗೋಗು.”

ಹೊರಡುವ ಮೊದಲು ಅವಳು ಹಾಳೆಯಲ್ಲಿ ಹೇಳಿದಂತೆ ಒಂದು ಕೆಲಸ ಮಾಡಿದಳು.

ಅಂಗಡಿಯಲ್ಲಿ ಜಯಪ್ರಕಾಶ್ ಯಾರದೋ ಮದುವೆಯ ಪತ್ರಿಕೆ ಮಡಚುತ್ತಿದ್ದ. ಗಡ್ಡ ಬೆಳೆದಿತ್ತು. ಅವಳನ್ನು ಕಂಡು ಎದ್ದು ನಿಂತ.

“ಲಗ್ನಪತ್ರಿಕೆ ಕವರಲ್ಲಿ ಯಾರಾದ್ರೂ ಪಾಸ್‌ವರ್ಡ್ ಕೊಟ್ಟಾರೇನ್ರಿ? ನಿಮ್ ಮದ್ವೆ ಅಂದ್ಕಂಡು ಇವತ್ತಿನಗಂಟ ಒಡ್ದೇ ಇರ್ಲಿಲ್ಲ!”

“ಅಂಗಡೀಲಿ ಬೇರೆ ಕವರೇ ಇರ್ಲಿಲ್ಲ...”

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

“ಪಾಸ್‌ವರ್ಡ್ ಬದ್ಲಾಯಿಸ್ದೆ,” ಎಂದಳು.

“ಒಳ್ಳೇದಾಯ್ತು.”

“ಏನಿಟ್ಟೆ ಅಂತ ಕೇಳಲ್ವಾ?”

“ಅದನ್ನ ಯಾರ್ಗೂ ಯೋಳ್ಬಾರ್ದು.”

“ಯಾರ್ಗೂ ಯೋಳಲ್ಲ.” ಅವಳು ಸೆರಗಿನ ಅಂಚು ಬೆರಳಿಗೆ ಸುತ್ತಿಕೊಂಡಳು. “ಗಂಡಂಗೆ ಯೋಳ್ಬೋದಾ?”

ಮಡಚಿದ್ದ ಪತ್ರಿಕೆಗಳೆಲ್ಲ ಅವನ ಕೈಯಿಂದ ಜಾರಿ ನೆಲಕ್ಕೆ ಬಿದ್ದವು. ಕಣ್ಣು ತುಂಬಿಕೊಂಡು ಅವನು ತಲೆಯಾಡಿಸಿದ.

“ಗಂಡಂಗೂ ಯೋಳ್ಬೇಡಿ. ಅದು ನಿಮ್ ಜಗಲಿ. ನಾನು ನಿಮ್ಮನ್ನ ಕೇಳೇ ಮೇಲಕ್ಕತ್ತೀನಿ.”

“ಅತ್ತಿ ಬನ್ನಿ,” ಎಂದಳು ನಾಗಮಣಿ. “ಆದ್ರೆ ಸೊಲ್ಲು ಮಾತ್ರ ಮನೇಲೇ ಇಡೀರಿ, ಬೆಳ್ಳೂರೋರು ಬ್ಯಾಡ ಅಂದವ್ರೆ!”