ಗುರುಪಾದ ಹಾಕಿದ ಮೂರನೇ ಕಟ್ಟು

"ಅಯ್ಯಮ್ಮಾ...!"

ಮಧುಶ್ರೀ ಕಿರುಚಿದಳು. ಸ್ಕೂಟರಿನಿಂದ ಬಿದ್ದು ಅವಳ ಬಲ ಹೆಬ್ಬೆರಳಿನ ಬುಡದ ಕೀಲು ತಪ್ಪಿತ್ತು. ಧನಗೆರೆಯ ನಾಟಿ ವೈದ್ಯ ಗುರುಪಾದಸ್ವಾಮಿ ಎಳೆದು ಒತ್ತಿದ. ಟಕ್! ಕೂತಿತು.

"ಮುಗೀತು ಕಣ್ರಿ. ಇಷ್ಟಕ್ಕೇ ಊರೆಲ್ಲ ಸೇರುಸ್ತೀರಲ್ಲ!"

ನಾಟಿ ವೈದ್ಯ ಎಂದರೆ ಗಡ್ಡದ ಮುದುಕ ಇರುತ್ತಾನೆ ಅಂದುಕೊಂಡು ಬಂದವಳು ಅವಳು. ತಾತನಿಂದ ವಿದ್ಯೆ ಕಲಿತ ಈ ಹುಡುಗನನ್ನು ನೋಡಿ ಅಳುವಿನ ನಡುವೆಯೂ ಕೂದಲು ಸರಿ ಮಾಡಿಕೊಂಡಳು ನೋಡಿ, ಎಂಥ ಹೆಣ್ಣು!

ಕೊಳ್ಳೇಗಾಲದ ರೇಷ್ಮೆ ಮಗ್ಗದಲ್ಲಿ ಹಳೇ ಎಳೆಗೆ ಹೊಸ ಎಳೆ ಹೊಸೆದು ಕೂಡಿಸುವುದು ಅವಳ ಕೆಲಸ. ಹೆಬ್ಬೆರಳು ಹೋದರೆ ಆ ಕೆಲಸವೂ ಹೋದ ಹಾಗೆಯೇ.

ಗುರುವಾರಕ್ಕೊಂದು ಕಟ್ಟು. ಎರಡನೇ ವಾರ ಬಿಚ್ಚಿದರೆ ಕೀಲು ಜಾರಿತ್ತು. ಕೂರಿಸಿ ಕಟ್ಟಿದ. ಮೂರನೇ ವಾರವೂ ಜಾರಿತ್ತು. ಮತ್ತೆ ಕಟ್ಟಿದ. ನಾಲ್ಕನೇ ವಾರ ಮಾತ್ರ ಮುಖವನ್ನೇ ಎತ್ತಲಿಲ್ಲ.

"ನನ್ ಕೈಲಾಗಲ್ಲ. ಮೈಸೂರಿಗೆ ಓಗಿ ಆಪರೇಶನ್ ಮಾಡ್ಸಿ. ಇನ್ ಇಲ್ಲಿಗೆ ಬರ್ಬೇಡಿ."

ಬರಬೇಡಿ...? 'ನಾನು ಇವರಿಗೆ ಅಷ್ಟು ಬೇಸರವಾದೆನಾ?'

ಮೈಸೂರಿನ ಡಾಕ್ಟರು ಎಕ್ಸ್‌ರೇ ನೋಡಿ, ಕೀಲನ್ನು ಅಲುಗಿಸಿ ನೋಡಿದರು. "ಮೂಳೆ ಹಿಡಿದಿಡೋ ನಾರೇ ಹರಿದಿದೆಯಮ್ಮ. ಎಷ್ಟು ಕೂರಿಸಿದ್ರೂ ಜಾರುತ್ತೆ. ಮಣಿಕಟ್ಟಿಂದ ಒಂದೆಳೆ ನಾರು ತಗೊಂಡು ಹೊಸದಾಗಿ ಬಿಗೀತೀವಿ. ಆರು ವಾರ ಮೂಳೆಗೆ ತಂತಿ, ಮೇಲೆ ಪ್ಲಾಸ್ಟರ್. ಮೊದಲೇ ಬಂದಿದ್ರೆ ಸುಲಭ ಇತ್ತು."

ಆಪರೇಶನ್ ಆಯಿತು. ಅವ್ವ ಶಂಕರಮ್ಮ ತುತ್ತು ಮಾಡಿ ತಿನ್ನಿಸುವಾಗಲೂ ಮಗಳ ಕಣ್ಣು ಬಾಗಿಲ ಕಡೆಗೇ. ಗುರುಪಾದ ಬರಲೇ ಇಲ್ಲ!

ತಂತಿ ತೆಗೆದರು. ವ್ಯಾಯಾಮ ಮಾಡಿ ಮಾಡಿ ಕೊನೆಗೊಂದು ದಿನ ಹೆಬ್ಬೆರಳು ಕಿರುಬೆರಳನ್ನು ಮುಟ್ಟಿತು. ಅವತ್ತೇ ಅವಳು ಧನಗೆರೆ ಬಸ್ ಹತ್ತಿದಳು.

"ಬದ್ಕಿದ್ದೀನಾ ಸತ್ತಿದ್ದೀನಾ ಅಂತ ಕೇಳಕ್ಕಾಗ್ನಿಲ್ವಾ ನಿಮ್ಗೆ?"

ಗುರುಪಾದನ ಕಣ್ಣು ತುಂಬಿತು. "ಯಾವ್ ಮುಖ ಇಟ್ಕಂಡು ಬರ್ಲಿ? ಮೂರ್ನೇ ಕಟ್ಟು ಹಾಕ್ವಾಗ್ಲೇ ಗೊತ್ತಿತ್ತು, ಇದು ನಿಲ್ಲಲ್ಲ ಅಂತ. ಆದ್ರೂ ಕಟ್ದೆ."

"ಯಾಕೆ?"

"ಕಟ್ಟದೇ ಕಳುಸುದ್ರೆ... ಮುಂದಿನ್ ಗುರುವಾರ ನೀವು ಬತ್ತಿರ್ನಿಲ್ಲ."

ಅವಳಿಗೆ ಸಿಟ್ಟು ನೆತ್ತಿಗೇರಿತು. ತನ್ನ ಬೆರಳು! ತನ್ನ ಅನ್ನ!

"ನನ್ ಕೈ ಓಗ್ಬುಟ್ಟಿದ್ರೆ?"

"ಅದ್ನೇ ನೆನಸ್ಕಂಡು ನಿದ್ದೆ ಮಾಡ್ನಿಲ್ಲ ಕಣ್ರಿ. ಕ್ಷಮ್ಸಿ ಅಂತ ಕೇಳಕ್ಕೂ ಯೋಗ್ಯತೆ ಇಲ್ಲ ನಂಗೆ."

ಬಾಯಿಗೆ ಬಂದ ಹಾಗೆ ಬಯ್ಯಬೇಕೆಂದು ಬಾಯಿ ತೆರೆದಳು. ಬಯ್ಯುವ ಹಕ್ಕು ತನಗಾದರೂ ಎಲ್ಲಿತ್ತು?

"ನಾನೂ ಒಂದು ಹೇಳ್ನಿಲ್ಲ," ಎಂದಳು ಮೆಲ್ಲಗೆ. "ಮೂರ್ನೇ ಕಟ್ಟು ಹಾಕುಸ್ಕಂಡ ಸಂಜೇನೇ ಜಾರೋಗಿತ್ತು. ವಾರ್ವೆಲ್ಲ ಹಲ್ಲು ಕಚ್ಕಂಡಿದ್ದೆ."

"ಅಯ್ಯೋ! ಆವಾಗ್ಲೇ ಬಂದು ಹೇಳ್ಬಾರ್ದಾ?"

"ಹೇಳುದ್ರೆ... ಆಸ್ಪತ್ರೆಗೆ ಕಳಿಸ್ಬುಡ್ತೀರ ಅಂತ."

ಗುರುಪಾದ ಗಾಯದ ಗೆರೆಯಿದ್ದ ಆ ಕೈಯನ್ನು ಹೆದರಿ ಹೆದರಿ ಹಿಡಿದುಕೊಂಡ. ಇಬ್ಬರೂ ಅತ್ತರು, ಇಬ್ಬರೂ ನಕ್ಕರು.

"ನಾಳೆ ನಿಮ್ಮವ್ವುನ್ ತಾವ ಹೆಣ್ಣು ಕೇಳಕ್ಕೆ ಬರ್ಲಾ?"

"ನಾಳೆ ಯಾಕೆ? ಈಗ್ಲೇ ಬಸ್ ಅದೆ... ನಡೀರಿ."