ಮರಳುಗುಡ್ಡದಲ್ಲಿ ಕಾಣದ ಕೊಂಡಿ

೨೦೨೫ರ ಅಕ್ಟೋಬರ್ ೭, ಮಂಗಳವಾರ. ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಶ್ರೀಜಾ ಠಾಣೆಯೊಳಗೆ ಬಂದಳು. ಗಂಡ ಧೀರಜ್ ತೀರಿಕೊಂಡು ಆಗಿನ್ನೂ ಮೂರು ದಿನ. ಕೌಂಟರಿನಲ್ಲಿದ್ದ ಪೊಲೀಸಿನವನು ಏನಾಗಬೇಕೆಂದು ಕೇಳಿದಾಗ, ನನ್ನ ಗಂಡನ ಕೇಸು ಮುಗಿಸಿದವರು ಯಾರೋ ಅವರನ್ನು ನೋಡಬೇಕು, ನೋಡುವ ತನಕ ಇಲ್ಲಿಂದ ಅಲ್ಲಾಡುವುದಿಲ್ಲ ಎಂದು ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು.

ಕೇಸು ಮುಗಿಸಿದವಳು ಡಿಟೆಕ್ಟಿವ್ ದ್ರಾಕ್ಷಾಯಿಣಿ ಹಿರೇಮಠ. ಧಾರವಾಡದಲ್ಲಿ ಹುಟ್ಟಿ, ಹದಿನೈದಕ್ಕೆ ಕೆನಡಾಕ್ಕೆ ಬಂದು, ಹತ್ತೊಂಬತ್ತು ವರ್ಷದಿಂದ ಪೊಲೀಸಿನಲ್ಲಿರುವವಳು. ಠಾಣೆಯಲ್ಲಿ ಅವಳ ಹೆಸರು ಯಾರ ನಾಲಿಗೆಗೂ ಹೊರಳದೆ 'ಡ್ರಾಕ್ಸ್' ಆಗಿದೆ. ಶ್ರೀಜಾಳ ಹೆಸರು ಕೇಳಿದ ಕೂಡಲೇ ಫೈಲು ಎತ್ತಿಕೊಂಡು ಕೆಳಗೆ ಬಂದಳು.

ಫೈಲಿನಲ್ಲಿದ್ದದ್ದು ಇಷ್ಟು. ಅಕ್ಟೋಬರ್ ೪, ಶನಿವಾರ, ಮಧ್ಯಾಹ್ನ ಮೂರು ನಲವತ್ತು. ಸ್ಥಳ, ಅಕ್ಸ್‌ಬ್ರಿಜ್ ಊರಿನಾಚೆಯ ಹಳೆಯ ಖಾಸಗಿ ಮರಳು ಕ್ವಾರಿ. ಜೀಪಿನ ಹುಚ್ಚಿರುವ ಕನ್ನಡಿಗರ ಬಳಗವೊಂದು ವಾರಾಂತ್ಯಕ್ಕೆ ಅಲ್ಲಿ ಸೇರುತ್ತದೆ. ಟೈರಿನ ಗಾಳಿ ಅರ್ಧಕ್ಕಿಳಿಸಿ ಮರಳುಗುಡ್ಡ ಹತ್ತುವುದು, ಇಳಿಯುವುದು, ಹೂತುಕೊಂಡರೆ ಒಬ್ಬರನ್ನೊಬ್ಬರು ಎಳೆಯುವುದು. ಯೂಟಾದ ನಿಜವಾದ ಮರುಭೂಮಿಗೆ ಒಂದು ದಿನ ಹೋಗಲೇಬೇಕೆಂಬ ಆಸೆಗೆ ಇದು ತಾಲೀಮು, ಹಾಗಾಗಿ ಕ್ವಾರಿಗೂ 'ಮರುಭೂಮಿ' ಎಂದೇ ಹೆಸರು. ಅಂದು ಬಂದದ್ದು ಮೂರು ಗಾಡಿ. ಬಳಗ ಕಟ್ಟಿದ ಗಿರೀಶನ ಜೀಪು ಮೂತಿ ಮುಂದಾಗಿ ಮರಳಲ್ಲಿ ಹೂತಿತು. ಧೀರಜ್ ತನ್ನ ಗಾಡಿಯನ್ನು ಅದರ ಹಿಂದೆ ತಂದು, ಎರಡಕ್ಕೂ ಎಳೆಯುವ ದಪ್ಪ ಪಟ್ಟಿ ಬಿಗಿದು, ರಿವರ್ಸಿನಲ್ಲಿ ಎಳೆದ. ಗಿರೀಶನ ಜೀಪಿನ ಹಿಂಬದಿಯಲ್ಲಿ ಟ್ರೈಲರ್ ಸಿಕ್ಕಿಸುವ ಉಕ್ಕಿನ ಗುಂಡು ಇದೆಯಲ್ಲ, ಪಟ್ಟಿಯ ತುದಿ ಅದಕ್ಕೆ ಸಿಕ್ಕಿಸಿತ್ತು. ಅಂಥ ಎಳೆತವನ್ನು ಅದು ತಡೆಯುವುದಿಲ್ಲ. ಗುಂಡು ಮುರಿದು ಹಾರಿ ಗಾಜು ಒಡೆದು ಧೀರಜನ ತಲೆಗೆ ಬಡಿಯಿತು. ಆಂಬುಲೆನ್ಸು ಬರುವುದರೊಳಗೆ ಎಲ್ಲ ಮುಗಿದಿತ್ತು.

ಊರಲ್ಲಾಗಿದ್ದರೆ ಎಫ್‌ಐಆರು, ಪಂಚನಾಮೆ ಎಂದು ದೊಡ್ಡ ಗಲಾಟೆಯೇ ಆಗುತ್ತಿತ್ತು. ಇಲ್ಲಿ ಫೋಟೋ ತೆಗೆದರು, ಅಳತೆ ಹಿಡಿದರು, ವರದಿ ಬರೆದರು. ಗಿರೀಶ ಆಘಾತದಲ್ಲಿ ಇಂಗ್ಲಿಷ್ ಬಿಟ್ಟು ಬರೀ ಕನ್ನಡದಲ್ಲಿ ಅಳುತ್ತಿದ್ದಾನೆಂದು ಸ್ಥಳದಿಂದ ದ್ರಾಕ್ಷಾಯಿಣಿಗೆ ಫೋನು ಬಂತು. ಹೇಳಿಕೆ ಪಡೆದವಳು ಅವಳೇ, ಫೋನಿನಲ್ಲೇ, ಹನ್ನೊಂದು ನಿಮಿಷದಲ್ಲಿ. ಐವತ್ತನಾಲ್ಕು ವರ್ಷದ ಹಿರಿಯ, ಗದ್ಗದ ದನಿ, ಒಳ್ಳೆಯ ಕನ್ನಡ. "ಸಮಾಧಾನ ಮಾಡ್ಕೋರಿ ಸರ" ಎಂದು ಎರಡು ಸಲ ಹೇಳಿದ್ದಳು. ಎರಡೂ ತುದಿ ಕಟ್ಟಿದ್ದು ಧೀರಜನೇ, ಪಟ್ಟಿಯನ್ನು ಗಾಡಿಗೆ ಭದ್ರವಾಗಿ ಸಿಕ್ಕಿಸುವ ಉಕ್ಕಿನ ಕೊಂಡಿ ಬಳಗದ ಸಾಮಾನಿನ ಚೀಲದಲ್ಲೇ ಇತ್ತು, ಅವಸರದಲ್ಲಿ ಬಳಸಲಿಲ್ಲ ಎಂದು ಅವನು ಹೇಳಿದ. 'ಮೃತನ ಸ್ವಂತ ಅಜಾಗರೂಕತೆ' ಎಂದು ಇವಳು ಬರೆದಳು. ಭಾನುವಾರ ಗಿರೀಶನೇ ಆ ಚೀಲವನ್ನೂ ಠಾಣೆಗೆ ತಂದುಕೊಟ್ಟ. ಅದನ್ನು ಬಿಚ್ಚಿಯೂ ನೋಡದೆ ಚೀಟಿ ಅಂಟಿಸಿ ಒಳಗಿಟ್ಟಿದ್ದಾಯಿತು.

"ನನ್ ಗಂಡಂದೇ ತಪ್ಪು ಅಂತ ನೀವು ಬರ್ದಿದೀರ, ಅದನ್ನ ನಾನು ಹೆಂಗೋ ತಡ್ಕೋತೀನಿ" ಎಂದಳು ಶ್ರೀಜಾ. "ನನ್ ಮಗಳು ಊಟ ಬಿಟ್ಟಿದಾಳೆ. ಅಪ್ಪನ್ನ ಸಾಯ್ಸಿದ್ದು ನಾನೇ ಅಂತಾಳೆ. ಒಂಬತ್ತು ವರ್ಷ ಅವಳಿಗೆ."

"ಯಾಕ್ ಹಂಗಂತಾಳ್ರಿ?"

"ಕೊಂಡಿ ಚೀಲದಲ್ಲೇ ಇತ್ತಂತೆ, ಇವಳ ಕಣ್ಣಿಗೆ ಬೀಳ್ಲಿಲ್ವಂತೆ. ಮನೆಗೆ ಬಂದೋರೆಲ್ಲ ಚೀಲದಲ್ಲೇ ಇತ್ತಂತೆ, ಚೀಲದಲ್ಲೇ ಇತ್ತಂತೆ ಅಂತಿದ್ರಲ್ಲ, ಕೇಳಿಸ್ಕೊಂಡಿದಾಳೆ. ಮೇಡಂ, ಆ ಚೀಲದ ಒಂದೊಂದು ಸಾಮಾನೂ ಅವಳಿಗೆ ಗೊತ್ತು. ಕಣ್ಮುಚ್ಕೊಂಡು ಮುಟ್ಟಿ ಹೇಳೋದನ್ನ ಅವರಪ್ಪ ಆಟದ ಥರ ಕಲ್ಸಿದ್ರು. ಇದ್ದಿದ್ರೆ ಅವಳಿಗೆ ಸಿಕ್ತಿತ್ತು."

ಶನಿವಾರ ಅಪ್ಪನ ಜೊತೆ ಕ್ವಾರಿಗೆ ಬಂದಿದ್ದ ಆ ಹುಡುಗಿಯನ್ನು ಯಾರೂ ಮಾತಾಡಿಸಿರಲಿಲ್ಲ. ಮಗು, ಪಾಪ, ಬಿಡಿ ಎಂದು ಹೇಳಿದವಳು ದ್ರಾಕ್ಷಾಯಿಣಿಯೇ.

ಅದೇ ದಿನ ಸಂಜೆ ನಾಲ್ಕೂ ಕಾಲಿಗೆ ಅವಳು ಕಾನ್‌ಸ್ಟೆಬಲ್ ಒಕೋಯ್‌ನನ್ನು ಕರೆದುಕೊಂಡು ಮಿಸಿಸಾಗದಲ್ಲಿ ಶ್ರೀಜಾಳ ಕಾಂಡೋ ಫ್ಲ್ಯಾಟಿಗೆ ಹೋದಳು. ಮಗಳು ಸಾನ್ವಿ ಸೋಫಾದ ಮೂಲೆಯಲ್ಲಿ ದಿಂಬು ಅವಚಿಕೊಂಡು ಕೂತಿದ್ದಳು. ತಾಯಿ ಪಕ್ಕದಲ್ಲಿ.

"ಅವತ್ತ ನೀ ಎಲ್ಲಿ ನಿಂತಿದ್ದಿ ಯವ್ವಾ?"

"ಗುಡ್ಡದ ಹತ್ರ. ಫಾರ್ ಅವೇ. ರೂಲ್ ಇದೆ, ಪಟ್ಟಿಯ ಡಬಲ್ ದೂರ ನಿಲ್ಬೇಕು."

"ಚೀಲ?"

"ನನ್ ಹತ್ರ. ಐಯಾಮ್ ಬ್ಯಾಗ್ ಇನ್‌ಚಾರ್ಜ್."

"ಕೊಂಡಿ ಬೇಕು ಅಂತ ಕೇಳಿದವರು ಯಾರು? ಅಪ್ಪಾರೇನು?"

ಹುಡುಗಿ ಅಲ್ಲವೆಂದು ತಲೆಯಾಡಿಸಿದಳು. "ಅಪ್ಪ ಕಾರಲ್ಲಿದ್ರು. ಗಿರೀಶ ಅಂಕಲ್ ಕೇಳಿದ್ದು. ಐ ಚೆಕ್ಡ್ ಟ್ವೈಸ್. ಇಲ್ಲ ಅಂದೆ. ಓಕೆ, ಲೀವ್ ಇಟ್ ಅಂದ್ರು." ದಿಂಬನ್ನು ಇನ್ನಷ್ಟು ಅವಚಿಕೊಂಡಳು. "ಬಟ್ ಇಟ್ ವಾಸ್ ದೇರ್."

ಲಿಫ್ಟಿನಲ್ಲಿ ಹುಡುಗಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಾಗ ಒಕೋಯ್ ಸುಮ್ಮನಿರಲಾರದೆ ಕೇಳಿಯೇಬಿಟ್ಟ: ಎರಡೂ ತುದಿ ಕಟ್ಟಿದ್ದು ಸತ್ತವನೇ ಆದರೆ, ಅವನು ಕಾರಿನೊಳಗೆ ಕೂತಿದ್ದಾಗ ಇನ್ನೊಬ್ಬನಿಗೆ ಕೊಂಡಿ ಯಾಕೆ ಬೇಕಾಯಿತು? ಪಟ್ಟಿ ಕಟ್ಟುವಾಗ ಯಾರು ಎಲ್ಲಿದ್ದರು ಎಂದು ಶನಿವಾರವೇ ದ್ರಾಕ್ಷಾಯಿಣಿ ಕೇಳಬೇಕಿತ್ತು. ಛೆ, ಹನ್ನೊಂದು ನಿಮಿಷದಲ್ಲಿ ಅದೊಂದನ್ನು ಕೇಳುವುದಕ್ಕೆ ಏನು ಧಾಡಿಯಾಗಿತ್ತು ತನಗೆ!

ಅಕ್ಟೋಬರ್ ೮, ಬುಧವಾರ, ಬೆಳಿಗ್ಗೆ ಒಂಬತ್ತಕ್ಕೆ ಚೀಲವನ್ನು ಮೇಜಿನ ಮೇಲೆ ಬಿಚ್ಚಿದರು. ಕೈಗವಸು, ಮಡಚುವ ಸಲಿಕೆ, ಗಾಳಿಯ ಮೀಟರು, ಬಿಡಿ ಪಟ್ಟಿ. ಒಂದೊಂದನ್ನು ಎತ್ತಿದಂತೆಲ್ಲ ಬಿಳಿ ಕಾಗದದ ಮೇಲೆ ಮರಳು ಉದುರಿತು. ಕೊನೆಗೆ ಕೊಂಡಿ. ಇಂಗ್ಲಿಷಿನ ಡಿ ಅಕ್ಷರದಂತಿದ್ದ ದಪ್ಪ ಉಕ್ಕು, ಬಾಯಿಗೆ ಅಡ್ಡಲಾಗಿ ತಿರುಪಿನ ಮೊಳೆ. ಅದರಿಂದ ಒಂದು ಕಣ ಮರಳೂ ಬೀಳಲಿಲ್ಲ. ಮೊಳೆ ಬಿಚ್ಚಿದಾಗ ತಿರುಪಿನ ಸಂದಿನಲ್ಲಿ ಕೆಂಪು, ಹಳದಿ ಪುಡಿ.

"ತುಕ್ಕು" ಎಂದ ಒಕೋಯ್.

"ತುಕ್ಕಲ್ಲ. ಅರಿಶಿನ, ಕುಂಕುಮ" ಎಂದಳು ದ್ರಾಕ್ಷಾಯಿಣಿ. ಮೊಳೆಯ ತಲೆಯ ಅಡಿಯಲ್ಲಿ ಒಣಗಿದ ಸೇವಂತಿಗೆಯ ಎಸಳೊಂದು ಅಂಟಿಕೊಂಡಿತ್ತು. ಅದನ್ನು ಚಿಮುಟದಿಂದ ಎತ್ತಿ ಬೇರೆ ಲಕೋಟೆಗೆ ಹಾಕಿದಳು.

ಒಕೋಯ್‌ಗೆ ಅವಳು ಬಿಡಿಸಿ ಹೇಳಬೇಕಾಯಿತು. ನಮ್ಮವರು ವರ್ಷಕ್ಕೊಮ್ಮೆ ದುಡಿಯುವ ಸಾಮಾನಿಗೆಲ್ಲ ಪೂಜೆ ಮಾಡುತ್ತಾರೆ. ಸ್ಪಾನರು, ಸುತ್ತಿಗೆ, ಲ್ಯಾಪ್‌ಟಾಪು, ಗಾಡಿ, ಯಾವುದನ್ನೂ ಬಿಡುವುದಿಲ್ಲ. ತೊಳೆದು, ಒರೆಸಿ, ದೇವರ ಮುಂದಿಟ್ಟು, ಕುಂಕುಮ ಹಚ್ಚಿ ಹೂವೇರಿಸುತ್ತಾರೆ. ಈ ಸಲ ಆಯುಧಪೂಜೆ ಬಂದದ್ದು ಅಕ್ಟೋಬರ್ ಒಂದು, ಬುಧವಾರ. ಮೂರೇ ದಿನಕ್ಕೆ ಶನಿವಾರ. ಬಳಗದ ಚೀಲ ಇರುವುದು ಗಿರೀಶನ ಗ್ಯಾರೇಜಿನಲ್ಲಿ. ಉಳಿದ ಸಾಮಾನುಗಳ ಕುಂಕುಮ ಮರಳಿನಲ್ಲಿ ಉಜ್ಜಿ ಹೋಗಿದೆ. ಇದರದ್ದು ಮಾತ್ರ ಹೋಗಿಲ್ಲ, ಯಾಕೆಂದರೆ ಇದು ಮರಳನ್ನು ಕಂಡೇ ಇಲ್ಲ.

ಹನ್ನೊಂದೂವರೆಗೆ ಥಾರ್ನ್‌ಹಿಲ್‌ನಲ್ಲಿ ಗಿರೀಶನ ಮನೆ. ಬಾಗಿಲು ತೆಗೆದದ್ದು ಗಿರೀಶನ ಹೆಂಡತಿ ಜಯಲಕ್ಷ್ಮಿ. ಗಂಡ ಮನೆಯಲ್ಲಿರಲಿಲ್ಲ. ಎಲ್ಲಿ ಎಂದರೆ, ಧೀರಜನ ಅಂತ್ಯಕ್ರಿಯೆಯ ಏರ್ಪಾಟಿಗೆ ಓಡಾಡುತ್ತಿದ್ದ. ಪುರೋಹಿತರನ್ನು ಗೊತ್ತುಮಾಡಿದ್ದು, ಬರುವವರಿಗೆ ಊಟ ಹೇಳಿದ್ದು, ಎಲ್ಲ ಅವನೇ.

"ನೀವು ಏನೂ ಹೇಳಬೇಕಂತಿಲ್ರಿ. ನಿಮ್ಮ ಇಷ್ಟ" ಎಂದು ದ್ರಾಕ್ಷಾಯಿಣಿ ಮೊದಲೇ ತಿಳಿಸಿದಳು. ಆಮೇಲೆ ಕೊಂಡಿಯ ಫೋಟೋ ತೋರಿಸಿದಳು. "ಇದು ಶನಿವಾರ ಮುಂಜಾನೆ ಎಲ್ಲಿತ್ತು?"

ಜಯಲಕ್ಷ್ಮಿ ಫೋಟೋ ನೋಡಿದಳು. ಸೆರಗಿಲ್ಲದ ಟೀ ಶರ್ಟಿನ ಅಂಚನ್ನೇ ಹಿಡಿದು ಕಣ್ಣೊತ್ತಿಕೊಂಡಳು.

"ನಾಲ್ಕು ದಿನದಿಂದ ಯಾರಾದ್ರೂ ಕೇಳ್ಲಿ ಅಂತಾನೇ ಕಾಯ್ತಿದ್ದೆ ಕಣ್ರೀ. ವಿಜಯದಶಮಿ ಆದ್ಮೇಲೆ ಎಲ್ಲಾ ಎತ್ತಿ ಚೀಲಕ್ಕೆ ಹಾಕಿದ್ರು. ಇದೊಂದು ಹೂವಿನ ಕೆಳಗೆ ಉಳ್ಕೊಂಡ್ಬಿಟ್ಟಿತ್ತು. ಶನಿವಾರ ದೀಪ ಹಚ್ಚೋಕೆ ಹೋದಾಗ ನೋಡ್ದೆ. ತಕ್ಷಣ ಫೋನ್ ಮಾಡ್ದೆ, ನಿಮ್ ಕೊಂಡಿ ದೇವ್ರ ಮನೇಲೇ ಇದೆ ಅಂತ."

"ಎಷ್ಟೊತ್ತಿಗೆ?"

"ಬೆಳಗ್ಗೆ ಎಂಟೂ ಹತ್ತು. ಫೋನಲ್ಲೇ ಇದೆ, ನೋಡಿ."

"ಅವರು ಏನಂದ್ರು?"

"ಇರ್ಲಿ ಬಿಡು, ಯಾರಿಗೂ ಹೇಳ್ಬೇಡ, ನಗ್ತಾರೆ ಅಂದ್ರು." ಫೋಟೋ ವಾಪಸು ಕೊಟ್ಟಳು. "ಭಾನುವಾರ ಬೆಳಗ್ಗೆ ನೋಡಿದ್ರೆ ದೇವ್ರ ಮನೇಲಿ ಅದು ಇರ್ಲಿಲ್ಲ. ನಾನೂ ಕೇಳ್ಲಿಲ್ಲ. ಕೇಳ್ಬೇಕಿತ್ತು."

ಮಧ್ಯಾಹ್ನ ಮೂರನೆಯ ಗಾಡಿಯ ಚಿರಂತನ್‌ನನ್ನು ಯೂನಿಯನ್‌ವಿಲ್‌ನ ಅವನ ಆಫೀಸಿನಲ್ಲೇ ಕಂಡರು. ಅವಘಡದ ಹೊತ್ತಿಗೆ ಅವನು ಗುಡ್ಡದ ಆ ಬದಿಯಲ್ಲಿದ್ದ, ಏನನ್ನೂ ಕಂಡಿರಲಿಲ್ಲ. ಏಳುವ ಮುಂಚೆ ದ್ರಾಕ್ಷಾಯಿಣಿ ಸುಮ್ಮನೆ ಒಂದು ಮಾತು ಕೇಳಿದಳು.

"ನಿಮ್ಮ ಗಾಡ್ಯಾಗ ಆ ನಮೂನಿ ಕೊಂಡಿ ಇತ್ತೇನ್ರಿ?"

"ಎರಡಿತ್ತು ಮೇಡಂ. ವಾಕಿಟಾಕೀಲಿ ಒಂದ್ ಮಾತು ಅಂದಿದ್ರೆ ಎರಡೇ ನಿಮಿಷಕ್ಕೆ ತಂದ್ಕೊಡ್ತಿದ್ದೆ. ಯಾರೂ ಕೇಳ್ಲಿಲ್ಲ."

ಅಕ್ಟೋಬರ್ ೯, ಗುರುವಾರ, ಮಧ್ಯಾಹ್ನ ಎರಡು ಗಂಟೆ ಐದು ನಿಮಿಷ. ಕರೆದ ಕೂಡಲೇ ಗಿರೀಶ ತಾನಾಗಿಯೇ ಠಾಣೆಗೆ ಬಂದ. ಕ್ಯಾಮೆರಾ ಹಾಕಿ, ಅವನ ಹಕ್ಕುಗಳನ್ನು ಓದಿ ಹೇಳಿದರು. ಫೋನಿನಲ್ಲಿ ವಕೀಲರ ಜೊತೆ ಮಾತಾಡಿದ. ಸುಮ್ಮನಿರಿ ಎಂದೇ ವಕೀಲರು ಹೇಳಿರಬೇಕು. ಆದರೆ ಲಕೋಟೆಯಲ್ಲಿದ್ದ ಎಸಳನ್ನು ನೋಡಿದ ಮೇಲೆ ಅವನಿಗೆ ಸುಮ್ಮನಿರಲು ಆಗಲಿಲ್ಲ.

"ಆ ಉಕ್ಕಿನ ಗುಂಡಿಗೆ ಪಟ್ಟಿ ಸಿಕ್ಕಿಸಿದವರು ಯಾರು?"

"ನಾನು."

"ಧೀರಜ್ ಅವರಿಗೆ ಗೊತ್ತಿತ್ತೇನು?"

"ಇಲ್ಲ. ಅವನು ಆ ತುದಿ ಹಾಕಿ ಗಾಡಿ ಹತ್ತಿ ಕೂತಿದ್ದ. ನನ್ ಜೀಪು ವಾಲಿತ್ತಲ್ಲ, ಅವನಿಗೆ ಈ ಕಡೇದು ಕಾಣ್ತಿರ್ಲಿಲ್ಲ. ವಾಕಿಟಾಕೀಲಿ, ಎಲ್ಲಾ ಸರಿ ಇದ್ಯಾ ಸರ್ ಅಂದ. ಸರಿ ಇದೆ, ಎಳಿ ಅಂದೆ."

"ಗುಂಡಿಗೆ ಕಟ್ಟಬಾರ್ದು ಅಂತ ನಿಮಗ ಗೊತ್ತಿರ್ಲಿಲ್ಲೇನ್ರಿ?"

ಗಿರೀಶ ಒಂಥರಾ ನಕ್ಕ. "ಬಳಗಕ್ಕೆ ಹೊಸಬರು ಬಂದ್ರೆ ನನ್ನ ಮೊದಲನೇ ಪಾಠಾನೇ ಅದು, ಮೇಡಂ. ಧೀರಜ್‌ಗೂ ನಾನೇ ಹೇಳ್ಕೊಟ್ಟಿದ್ದು."

"ಚಿರಂತನ್ ಹತ್ರ ಯಾಕ ಕೇಳಲಿಲ್ಲ?"

"ಹನ್ನೊಂದು ವರ್ಷದಿಂದ ಎಲ್ರೂ ಗುರುಗಳೇ ಅಂತಾರೆ. ಗುರುಗಳ ಜೀಪೇ ಹೂತ್ಕೊಂಡಿದೆ, ಗುರುಗಳೇ ಕೊಂಡಿ ಮರ್ತು ಬಂದಿದಾರೆ ಅಂತ ಆಗತ್ತಲ್ಲ. ಚೀಲದಲ್ಲಿ ಇನ್ನೊಂದೇನಾದ್ರೂ ಇದ್ದೀತೇನೋ ಅಂತ ಸಾನ್ವೀನ ಕೇಳಿ ನೋಡ್ದೆ, ಇರ್ಲಿಲ್ಲ. ಒಂದೇ ಸಲ ತಾನೇ, ಮೆಲ್ಲಗೆ ಎಳೆದ್ರೆ ಏನೂ ಆಗಲ್ಲ ಅಂದ್ಕೊಂಡೆ."

"ಹುಡುಗಿ ತನ್ನ ತಪ್ಪು ಅಂತ ತಿಳ್ಕೊಂಡದ್ದು ನಿಮಗ ಗೊತ್ತಿತ್ತೇನು?"

ಗಿರೀಶ ಲಕೋಟೆಯನ್ನು ಮೇಜಿನ ಮೇಲೆ ಆಚೆಗೆ ಸರಿಸಿದ.

"ಭಾನುವಾರ ಅವರ ಮನೇಲಿ ಕೂತಿದ್ದೆ. ಬಂದು ನನ್ ಕೈ ಹಿಡ್ಕೊಂಡು, ಸಾರಿ ಅಂಕಲ್, ನಾನು ಸರಿಯಾಗಿ ನೋಡ್ಲಿಲ್ಲ ಅಂದಳು."

"ನೀವು ಏನಂದ್ರಿ?"

"ಇರ್ಲಿ ಪುಟ್ಟಿ ಅಂದೆ."

ದ್ರಾಕ್ಷಾಯಿಣಿ ಪೆನ್ನು ಕೆಳಗಿಟ್ಟಳು. ಕಳ್ಳರು, ಕೊಲೆಗಡುಕರು, ಹೆಂಡತಿಯನ್ನು ಬಡಿಯುವವರು, ಈ ಕೋಣೆಯಲ್ಲಿ ಯಾರ್ಯಾರನ್ನೋ ಕೂರಿಸಿಕೊಂಡು ಕೇಳಿದ್ದಾಳೆ. ಇಂಥ ಮಾತು ಕೇಳಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ, ಈ ಮನುಷ್ಯನಿಗೆ ಫೋನಿನಲ್ಲಿ ಸಮಾಧಾನ ಹೇಳಿದವಳು ತಾನೇ ಎಂಬುದೂ ನೆನಪಾಯಿತು.

ಎರಡು ಐವತ್ತೈದಕ್ಕೆ ಅವನನ್ನು ಬಂಧಿಸಿದರು. ಅಪರಾಧವೆನಿಸುವಷ್ಟು ನಿರ್ಲಕ್ಷ್ಯದಿಂದ ಸಾವಿಗೆ ಕಾರಣನಾದದ್ದು ಒಂದು ಆರೋಪ, ಸುಳ್ಳು ಹೇಳಿ ನ್ಯಾಯಕ್ಕೆ ಅಡ್ಡಿ ಮಾಡಿದ್ದು ಇನ್ನೊಂದು. ಮೊದಲನೆಯದಕ್ಕೆ ಅವನ ಕಡೆಯಿಂದ ಹೇಳಲು ಏನಾದರೂ ಇದ್ದೀತು. ಮರೆವು ಯಾರಿಗಿಲ್ಲ? ಮರೆತೆ ಎಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ನಾಚಿದ, ಅಷ್ಟೇ. ಆ ನಾಚಿಕೆಗೆ ಶನಿವಾರ ಒಬ್ಬ ಸ್ನೇಹಿತನ ಜೀವ ಹೋಯಿತು. ಭಾನುವಾರ ಅದೇ ನಾಚಿಕೆ ಒಂದು ಮಗುವಿನ ಹೆಗಲೇರಿ ಕೂತಾಗಲೂ ಅವನು ಬಾಯಿ ಬಿಡಲಿಲ್ಲ.

ದ್ರಾಕ್ಷಾಯಿಣಿ ಹೊಸ ವರದಿ ಬರೆಯಲು ಕೂತಳು. 'ಮೊದಲ ಹೇಳಿಕೆಯನ್ನು ಪರಿಶೀಲಿಸದೆ ನಂಬಿದ್ದು ನನ್ನ ತಪ್ಪು' ಎಂಬ ಸಾಲನ್ನು ಬರೆದಳು. ಅದು ಬೇಕಾ ಎಂದು ಸಾರ್ಜೆಂಟ್ ಕೇಳಿದ. ಬೇಕು ಎಂದು ಸಹಿ ಹಾಕಿದಳು.

ಐದು ಗಂಟೆಗೆ ಅವಳು ಒಬ್ಬಳೇ ಮಿಸಿಸಾಗಕ್ಕೆ ಹೋದಳು. ಶ್ರೀಜಾಳಿಗೆ ಫೋನಿನಲ್ಲಿ ಏನೂ ಹೇಳಿರಲಿಲ್ಲ. ಅವಳು ಚಹಾ ಮಾಡಲು ಒಳಗೆ ಹೋದಾಗ ದ್ರಾಕ್ಷಾಯಿಣಿ ಸಾನ್ವಿಯ ಎದುರು ನೆಲದ ಮೇಲೆ ಕೂತಳು.

"ಯವ್ವಾ, ನೀ ಚೀಲ ಎರಡ ಸಲ ನೋಡಿದ್ದೆ ಅಂದ್ಯಲ್ಲ. ಸರಿಯಾಗೇ ನೋಡಿದ್ದಿ. ಕೊಂಡಿ ಅದರಾಗ ಇರಲಿಲ್ಲ. ಗಿರೀಶ ಅವರ ಮನಿಯಾಗ ಉಳಿದಿತ್ತು. ಆಮ್ಯಾಲೆ ಅವರು ತಂದು ಚೀಲಕ್ಕ ಹಾಕಿದ್ರು. ಇದನ್ನ ನಾನು ಮೊದಲ ದಿನಾನೇ ಹುಡುಕಬೇಕಾಗಿತ್ತು. ಹುಡುಕಲಿಲ್ಲ. ನಿನಗ ಸಾರಿ ಕೇಳಾಕ ಬಂದೀನಿ."

ಹುಡುಗಿ ರೆಪ್ಪೆ ಬಡಿಯದೆ ನೋಡಿದಳು. "ನಾನು ಸಾರಿ ಅಂದಾಗ ಅಂಕಲ್‌ಗೆ ಗೊತ್ತಿತ್ತಾ?"

ಸುಳ್ಳು ಹೇಳಿಬಿಡಬಹುದಿತ್ತು. "ಗೊತ್ತಿತ್ತು" ಎಂದಳು ದ್ರಾಕ್ಷಾಯಿಣಿ.

ಸಾನ್ವಿ ದಿಂಬು ಅತ್ತ ಎಸೆದು ಬರಿಗಾಲಲ್ಲಿ ಅಡುಗೆಮನೆಗೆ ಓಡಿದಳು. "ಅಮ್ಮಾ! ಅಮ್ಮಾ, ಅದು ಇರ್ಲೇ ಇಲ್ವಂತೆ! ಚೀಲದಲ್ಲಿ ಇರ್ಲೇ ಇಲ್ವಂತೆ!" ಎಂದು ಕೂಗುತ್ತ ಹೋದವಳು, ತಾಯಿಯನ್ನು ಮುಟ್ಟಿದ ಮೇಲೆ, ಅಪ್ಪ ಸತ್ತಂದಿನಿಂದ ಮೊದಲ ಸಲ ಅಪ್ಪ ಬೇಕು ಎಂದು ಅತ್ತಳು.